ಕೃಷ್ಣ ಅಯ್ಯರ್ ತೀರಿಕೊಂಡರು: ಗಡಿಯಲ್ಲಿರುವ ನಮಗೆ ಅವರು ಬಿಟ್ಟುಹೋದ ಒಂದು ತೀರ್ಪು

ಮುಳ್ಳೇರಿಯ ವಕೀಲ
ಡಿಸೆಂಬರ್ 4, 2014, ರಾತ್ರಿ

ಸುಪ್ರೀಂ ಕೋರ್ಟಿನಲ್ಲಿ ಜಡ್ಜ್ ಆಗಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇವತ್ತು ಕೊಚ್ಚಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸಾಗಿತ್ತು, ಹೃದಯ ಮತ್ತು ಕಿಡ್ನಿ ಸೋತಿದ್ದವು. ಕಳೆದ ತಿಂಗಳು 15ಕ್ಕಷ್ಟೇ ನೂರನೇ ಹುಟ್ಟುಹಬ್ಬದ ಸಂಭ್ರಮ ಆಗಿತ್ತು. ತುಂಬು ಬಾಳು. ಆದರೂ ಸುದ್ದಿ ಕೇಳಿದಾಗ ಮನಸ್ಸಿಗೆ ಕಷ್ಟವಾಯಿತು.

ಟಿವಿಯಲ್ಲಿ ಸಂಜೆಯಿಂದ ಇಂದಿರಾ ಗಾಂಧಿ ಕೇಸಿನದ್ದೇ ಮಾತು. ಅದು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಾಸರಗೋಡಿನವರು ಅವರ ಇನ್ನೊಂದು ತೀರ್ಪನ್ನು ಓದಬೇಕು. ಮೋತಿರಾಮ್ ವಿರುದ್ಧ ಮಧ್ಯಪ್ರದೇಶ, 1978ರ ಆಗಸ್ಟ್ 24ರ ತೀರ್ಪು.

ಮೋತಿರಾಮ್ ಒಬ್ಬ ಬಡ ಗಾರೆ ಕೆಲಸದವ. ಸುಪ್ರೀಂ ಕೋರ್ಟ್ ಅವನಿಗೆ ಜಾಮೀನು ಕೊಟ್ಟಿತು. ಎಷ್ಟು ಮೊತ್ತ, ಯಾರು ಜಾಮೀನುದಾರ ಅನ್ನುವುದನ್ನು ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತು. ಅವರು 10,000 ರೂಪಾಯಿಯ ಜಾಮೀನು ಕೇಳಿದರು. ಆ ಕಾಲದ 10,000! ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಜಾಮೀನು ನಿಲ್ಲಲು ಬಂದರೆ, 'ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ' ಅಂತ ವಾಪಸ್ ಕಳಿಸಿದರು. ಜಾಮೀನು ಸಿಕ್ಕಿಯೂ ಮೋತಿರಾಮ್ ಒಳಗೇ ಉಳಿದ.

ಕೇಸು ಮತ್ತೆ ಮೇಲೆ ಬಂದಾಗ ಅಯ್ಯರ್ ಕೇಳಿದ ಪ್ರಶ್ನೆಯಲ್ಲಿ ನಮ್ಮ ಹೆಸರೇ ಇದೆ. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗಿನವನನ್ನು ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ದಿಲ್ಲಿಯ ಚಾಂದ್ನಿ ಚೌಕದಲ್ಲೋ ಹಿಡಿದರೆ ಅವನು ಏನು ಮಾಡಬೇಕು? ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು? ಹೊರ ಜಿಲ್ಲೆಯವ ಬೇಡ ಅನ್ನಲು ಯಾವ ಕಾನೂನಿದೆ? ಆ ಊರಿನದಲ್ಲದ ಭಾಷೆಯ ಅರ್ಜಿ ಬೇಡ ಅನ್ನಲು ಯಾವ ಕಾನೂನಿದೆ?

ಕೊನೆಗೆ 1,000 ರೂಪಾಯಿಗೆ ಅವನದೇ ಮುಚ್ಚಳಿಕೆ ಬರೆಸಿಕೊಂಡು ಬಿಡಿ ಅಂದರು. ಜಾಮೀನುದಾರನೇ ಬೇಡ.

ತಲಪಾಡಿ ಗಡಿಯ ಆಚೆ ಈಚೆ ದಿನಾ ಓಡಾಡುವ ನಮಗಿಂತ ಜಾಸ್ತಿ ಈ ಮಾತು ಇನ್ಯಾರಿಗೆ ಬೇಕು ಹೇಳಿ.

---

ಬಾಯಾರಿನವ
ಡಿಸೆಂಬರ್ 4, ರಾತ್ರಿ

ವಕೀಲರೇ, ಇದನ್ನು ಓದಿ ನಿದ್ರೆ ಬರಲಿಲ್ಲ. ನಮ್ಮ ಮನೆಯಲ್ಲೇ ಆದದ್ದು ಇದು.

ನನ್ನ ಅಕ್ಕನ ಮಗ ಗಡಿಯಾಚೆ ಮುರಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಇದ್ದ. ಅಲ್ಲಿ ಒಂದು ಜಗಳ ಆಯಿತು, ಇವನ ಹೆಸರೂ ಸೇರಿತು. ಜಾಮೀನು ಸಿಕ್ಕಿತು. ನಾನು ಜಾಮೀನು ನಿಲ್ಲುತ್ತೇನೆ ಅಂತ ಹೋದೆ. ಬಾಯಾರಿನಲ್ಲಿ ನನಗೆ ಐವತ್ತು ಸೆಂಟ್ಸ್ ಜಾಗ ಇದೆ, ಮನೆ ಇದೆ. ಅಕ್ಕ ಎಲ್ಲ ಕಾಗದವನ್ನೂ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಡಚಿ ಇಟ್ಟಿದ್ದಳು. ಜಾಗದ ಆಧಾರ ಪತ್ರ (ಹಕ್ಕಿನ ದಾಖಲೆ), ತೀರ್ವೆ (ಭೂಕಂದಾಯ) ರಶೀದಿ, ರೇಷನ್ ಕಾರ್ಡು, ವಿಲೇಜ್ ಆಫೀಸಿನಿಂದ ತಂದ ಪೊಸೆಷನ್ ಸರ್ಟಿಫಿಕೇಟ್. ಅಲ್ಲಿನ ಗುಮಾಸ್ತರು ರಶೀದಿಯನ್ನು ತಿರುಗಿಸಿ ನೋಡಿದರು. 'ಇದು ಮಲಯಾಳದಲ್ಲಿದೆ. ಈ ಜಿಲ್ಲೆಯ ಆರ್‌ಟಿಸಿ ಇರುವ ಜನ ತನ್ನಿ' ಅಂದರು.

ನಮ್ಮ ಮನೆಯಲ್ಲಿ ಮಾತಾಡುವುದು ಕನ್ನಡ, ತುಳು. ಓದಿದ್ದು ಕನ್ನಡ ಶಾಲೆಯಲ್ಲಿ. ಊರಿನ ಕಚೇರಿಯಲ್ಲಿ ಕನ್ನಡದಲ್ಲಿ ಕೊಡಿ ಅಂದರೆ ಮುಖ ನೋಡುತ್ತಾರೆ. ಕನ್ನಡದ ಕೋರ್ಟಿಗೆ ಹೋದರೆ ನಮ್ಮ ಕಾಗದ ಮಲಯಾಳದ್ದು. ಅಕ್ಕ ಆ ತೊಟ್ಟೆ ಹಿಡಿದುಕೊಂಡು ವರಾಂಡದ ಕಂಬಕ್ಕೆ ಒರಗಿ ಕೂತಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಕೊನೆಗೆ ಕೋರ್ಟಿನ ಹೊರಗೆ ಇರುವ ಒಬ್ಬ ಬಾಡಿಗೆ ಜಾಮೀನುದಾರನಿಗೆ ದುಡ್ಡು ಕೊಟ್ಟೆವು. ಅವನಿಗೆ ಹುಡುಗನ ಹೆಸರೂ ಗೊತ್ತಿರಲಿಲ್ಲ. ಅವನ ಕಾಗದ ನಡೆಯಿತು. ಸ್ವಂತ ಮಾವನದ್ದು ನಡೆಯಲಿಲ್ಲ.

---

ಉಪ್ಪಳ ಟೀಚರ್
ಡಿಸೆಂಬರ್ 5, ಬೆಳಿಗ್ಗೆ

ಅಣ್ಣಾ, ನಿಮ್ಮ ಅಕ್ಕನನ್ನು ನೆನೆದು ಸಂಕಟವಾಯಿತು. ಹುಡುಗ ಈಗ ಮನೆಯಲ್ಲಿದ್ದಾನಲ್ಲ?

ಅಯ್ಯರ್ ಬಗ್ಗೆ ನಾನೂ ಒಂದು ಹೇಳಬೇಕು. ನಮ್ಮ ಹೆಣ್ಣುಮಕ್ಕಳಿಗೆ ನಾನು ಯಾವಾಗಲೂ ಹೇಳುವ ಕತೆ ಸಿ.ಬಿ. ಮುತ್ತಮ್ಮ ಅವರದು. ಕೊಡಗಿನವರು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆಗ ಒಂದು ನಿಯಮ ಇತ್ತು. ಹೆಣ್ಣು ಅಧಿಕಾರಿ ಮದುವೆ ಆಗಬೇಕಾದರೆ ಸರಕಾರದ ಒಪ್ಪಿಗೆ ಬೇಕು. ಮದುವೆಯಾದ ಮೇಲೆ ಕೆಲಸಕ್ಕೆ ತೊಂದರೆ ಅಂತ ಸರಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡು ಅನ್ನಬಹುದಿತ್ತು. ಗಂಡಸರಿಗೆ ಈ ನಿಯಮ ಇಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ಕೇಸು ಬಂದದ್ದು ಕೃಷ್ಣ ಅಯ್ಯರ್ ಮುಂದೆ. ಅಷ್ಟರಲ್ಲಿ ಸರಕಾರ ಹೆದರಿ ಬಡ್ತಿಯನ್ನೂ ಕೊಟ್ಟಿತು, ನಿಯಮವನ್ನೂ ತೆಗೆಯಲು ಹೊರಟಿತು. ಆದರೂ ಅಯ್ಯರ್ ಬಿಡಲಿಲ್ಲ. ಹೆಂಡತಿಯ ಸಂಸಾರ ಕೆಲಸಕ್ಕೆ ಅಡ್ಡ ಬರುವುದಾದರೆ ಗಂಡನ ಸಂಸಾರವೂ ಬರಬಹುದಲ್ಲ ಅಂತ ಬರೆದರು.

ಮುತ್ತಮ್ಮ 2009ರಲ್ಲಿ ತೀರಿಕೊಂಡರು. ಈಗ ಇವರೂ ಹೋದರು.

---

ಪೆರ್ಲದ ತೋಟದವ
ಡಿಸೆಂಬರ್ 5, ಬೆಳಿಗ್ಗೆ

ತೀರಿಹೋದವರ ಬಗ್ಗೆ ಕೆಟ್ಟದ್ದು ಆಡಬಾರದು, ನಿಜ. ಆದರೆ ನಮ್ಮ ಕಡೆ ಎಲ್ಲರಿಗೂ ಅವರ ಮೇಲೆ ಒಂದೇ ಭಾವನೆ ಇಲ್ಲ ಅನ್ನುವುದನ್ನೂ ಯಾರಾದರೂ ಹೇಳಬೇಕಲ್ಲ.

1957ರ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರಕಾರದಲ್ಲಿ ಅವರು ಕಾನೂನು ಮಂತ್ರಿ. ಭೂಮಸೂದೆ ತಂದ ಸರಕಾರ ಅದು. ಅಡಿಕೆ, ಕರಿಮೆಣಸು ಅಂತ ಬೆವರು ಸುರಿಸಿ ತೋಟ ಮಾಡಿದವರಿಗೆ ಇಷ್ಟೇ ಜಮೀನು ಅಂತ ಮಿತಿ ಹಾಕಿದರು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ರಿಯಾಯಿತಿ. ಇದು ಯಾವ ನ್ಯಾಯ? ಕರಿಂಬಿಲ್ ಕುಂಞಿಕೋಮನ್ ಪ್ರಕರಣ ಅಂತ ಇದೆ, ಹುಡುಕಿ ನೋಡಿ. 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು: ಹೊಸದುರ್ಗ, ಕಾಸರಗೋಡು ತಾಲೂಕುಗಳ ರೈತವಾರಿ (ನೇರ ಸರಕಾರಕ್ಕೆ ಕಂದಾಯ ಕಟ್ಟುವ) ಜಮೀನಿಗೆ ಈ ಕಾನೂನು ಅನ್ವಯಿಸುವುದಿಲ್ಲ ಅಂತ. ಚಹಾಕ್ಕೊಂದು ಲೆಕ್ಕ ಅಡಿಕೆಗೊಂದು ಲೆಕ್ಕ ಸರಿಯಲ್ಲ ಅಂತಲೂ ಹೇಳಿತು. ನಮ್ಮ ಅಜ್ಜನ ಕಾಲದವರಿಗೆ ಆ ತೀರ್ಪು ಬಾಯಿಪಾಠ.

ಆಮೇಲೆ ಇಂಥ ಭೂಕಾನೂನುಗಳಿಗೆ ರಕ್ಷಣೆ ಕೊಡಲು ಸಂವಿಧಾನಕ್ಕೇ ತಿದ್ದುಪಡಿ ತಂದರು, 1964ರಲ್ಲಿ, 17ನೆಯದು. 1970ರ ಜನವರಿ 1ಕ್ಕೆ ಗೇಣಿ ಪದ್ಧತಿಯೇ ಮುಗಿಯಿತು.

---

ಕುಂಬಳೆ ಮಾಷ್ಟ್ರು
ಡಿಸೆಂಬರ್ 5, ಮಧ್ಯಾಹ್ನ

ಪೆರ್ಲದವರೇ, ನೀವು ಹೇಳಿದ ತೀರ್ಪು ಸರಿಯೇ ಇದೆ. ಅಡಿಕೆ ಬೆಳೆಗಾರರಿಗೆ ಆದ ಭೇದಭಾವವೂ ನಿಜ. ಆದರೆ ನೀವು ಹೇಳದ ಒಂದು ದಿನ ಇದೆ. 1957ರ ಏಪ್ರಿಲ್ 5ಕ್ಕೆ ಸರಕಾರ ಬಂತು. ಏಪ್ರಿಲ್ 11ಕ್ಕೆ ಒಕ್ಕಲೆಬ್ಬಿಸುವುದನ್ನು ನಿಲ್ಲಿಸುವ ಸುಗ್ರೀವಾಜ್ಞೆ ಬಂತು. ಒಂದು ವಾರವೂ ಆಗಿರಲಿಲ್ಲ!

ನಮ್ಮದು ಚಾಲಗೇಣಿಯ ಕುಟುಂಬ. ಗೇಣಿ ಅಂದರೆ ಅಕ್ಕಿ. ಅಮ್ಮ ಬೈಹುಲ್ಲು ಹಾಸಿ, ಅಕ್ಕಿ ಸುರಿದು, ಸುತ್ತ ಹುಲ್ಲಿನ ಹಗ್ಗ ಬಿಗಿದು ಮುಡಿ ಕಟ್ಟುತ್ತಿದ್ದರು. ಗುಂಡಗೆ, ಗಟ್ಟಿಯಾಗಿ, ಒಂದು ಕಾಳೂ ಸೋರದ ಹಾಗೆ. ಅದನ್ನು ಅಪ್ಪ ಹೊತ್ತುಕೊಂಡು ಧಣಿಗಳ ಮನೆಗೆ ಹೋಗುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಮುಡಿ ಕಮ್ಮಿಯಾದರೆ ಮರುವರ್ಷ ಗದ್ದೆ ನಮ್ಮದಲ್ಲ. ಚಾಲಗೇಣಿ ಅಂದರೆ ಅಷ್ಟೇ, ಧಣಿ ಏಳು ಅಂದರೆ ಏಳಬೇಕು. ಮೂಲಗೇಣಿಯವರಿಗಾದರೂ ಒಂದು ನೆಲೆ ಇತ್ತು. ಆ ಸುಗ್ರೀವಾಜ್ಞೆಯ ಸುದ್ದಿ ಬಂದ ದಿನ ಅಪ್ಪ ಗದ್ದೆಯ ಬದುವಿನಲ್ಲಿ ಕೂತು ಬಹಳ ಹೊತ್ತು ಎದ್ದಿರಲಿಲ್ಲ ಅಂತ ಅಮ್ಮ ಹೇಳುತ್ತಿದ್ದರು.

ಧಣಿಗಳೆಲ್ಲ ಕೆಟ್ಟವರಾಗಿದ್ದರು ಅಂತ ನಾನು ಹೇಳುವುದಿಲ್ಲ. ನಮ್ಮ ಧಣಿಗಳ ಮನೆಯವರು ನನ್ನ ಶಾಲೆಯ ಫೀಸು ಕಟ್ಟಿದ್ದಾರೆ. ಆದರೆ ಒಳ್ಳೆಯವರ ದಯೆಯಲ್ಲಿ ಬದುಕುವುದು ಬೇರೆ, ಹಕ್ಕಿನಲ್ಲಿ ಬದುಕುವುದು ಬೇರೆ.

ಇನ್ನೊಂದು. ಅಯ್ಯರ್ ಜಡ್ಜ್ ಆಗುವುದಕ್ಕೆ ಮುಂಚೆ ತಲಶ್ಶೇರಿಯಲ್ಲಿ ವಕೀಲರು. ರೈತರ, ಕೂಲಿಗಳ ಕೇಸು ಹಿಡಿಯುತ್ತಿದ್ದರು. ಕಮ್ಯುನಿಸ್ಟರಿಗೆ ಕಾನೂನು ಸಹಾಯ ಮಾಡಿದರು ಅಂತ 1948ರಲ್ಲಿ ಅವರನ್ನೇ ಜೈಲಿಗೆ ಹಾಕಿದರು, ಸುಮಾರು ಒಂದು ತಿಂಗಳು. ಮುಂದೆ ಮಂತ್ರಿಯಾದಾಗ ಜೈಲು ಖಾತೆಯೂ ಅವರ ಹತ್ತಿರವೇ ಇತ್ತು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಅನ್ನುವ ಕೈದಿ, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಪತ್ರ ಬರೆದ. ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡರು. ಒಳಗೆ ಇದ್ದು ಬಂದವರಿಗೆ ಒಳಗಿನ ಸಂಕಟ ಗೊತ್ತಿರುತ್ತದೆ.

---

ಪೆರ್ಲದ ತೋಟದವ
ಡಿಸೆಂಬರ್ 5, ಮಧ್ಯಾಹ್ನ

ಮಾಷ್ಟ್ರೇ, ನಿಮ್ಮ ಅಪ್ಪನ ಮಾತು ಓದಿದೆ. ನಮ್ಮ ಮನೆಯಲ್ಲಿ ಈ ಕಡೆಯ ಕತೆ ಮಾತ್ರ ಕೇಳಿ ಬೆಳೆದೆವು. ಅಡಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಕ್ಕಲೆಬ್ಬಿಸುವುದನ್ನು ನಿಲ್ಲಿಸಿದ್ದು ಬೇಕಾಗಿತ್ತು, ಅದನ್ನು ಒಪ್ಪುತ್ತೇನೆ.

---

ಕಾಸರಗೋಡು ಕಾಲೇಜು
ಡಿಸೆಂಬರ್ 5, ಸಂಜೆ

ಇಂದಿರಾ ಗಾಂಧಿ ಕೇಸಿನ ಬಗ್ಗೆ ಯಾರಾದರೂ ಸರಳವಾಗಿ ಹೇಳುತ್ತೀರಾ? ಒಬ್ಬರು ಅವರು ಇಂದಿರಾಗೆ ಸಹಾಯ ಮಾಡಿದರು ಅನ್ನುತ್ತಾರೆ. ಇನ್ನೊಬ್ಬರು ಅವರಿಂದಲೇ ತುರ್ತು ಪರಿಸ್ಥಿತಿ ಬಂತು ಅನ್ನುತ್ತಾರೆ.

---

ಮುಳ್ಳೇರಿಯ ವಕೀಲ
ಡಿಸೆಂಬರ್ 5, ಸಂಜೆ

ಚುಟುಕಾಗಿ ಹೇಳುತ್ತೇನೆ ತಮ್ಮಾ. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಆಯ್ಕೆಯನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿಗೆ ರಜೆ. ರಜೆಯ ಜಡ್ಜ್ ಕೃಷ್ಣ ಅಯ್ಯರ್. ಕಾನೂನು ಮಂತ್ರಿ ಗೋಖಲೆ ಫೋನ್ ಮಾಡಿ ಭೇಟಿಯಾಗಬೇಕು ಅಂದರಂತೆ. ಮೇಲ್ಮನವಿ ಇದ್ದರೆ ರಿಜಿಸ್ಟ್ರಿಯಲ್ಲಿ ಕೊಡಿ, ಭೇಟಿ ಬೇಡ ಅಂದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಜೂನ್ 24ಕ್ಕೆ ಆದೇಶ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಸದನಕ್ಕೆ ಹೋಗಬಹುದು, ಆದರೆ ಸಂಸದೆಯಾಗಿ ಮತ ಹಾಕುವಂತಿಲ್ಲ. ಅವರ ಕಡೆಯವರು ಕೇಳಿದ್ದು ಪೂರ್ತಿ ತಡೆ. ಅದು ಸಿಗಲಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು. ಅದನ್ನು ತಂದದ್ದು ಸರಕಾರ, ಜಡ್ಜ್ ಅಲ್ಲ.

ನೀನು ಪರೀಕ್ಷೆಗೆ ಓದುವುದಾದರೆ ಅವರ ರತ್ಲಾಮ್ ಪುರಸಭೆ ತೀರ್ಪನ್ನೂ ಓದು, 1980ರದ್ದು. ತೆರೆದ ಚರಂಡಿಯ ನಾತದಲ್ಲಿ ಬದುಕುತ್ತಿದ್ದ ಜನ ಕೋರ್ಟಿಗೆ ಹೋದರು. ಪುರಸಭೆ ದುಡ್ಡಿಲ್ಲ ಅಂತು. ದುಡ್ಡಿಲ್ಲ ಅನ್ನುವುದು ನೆಪ ಆಗುವುದಿಲ್ಲ ಅಂದರು ಅಯ್ಯರ್. ಅವರ ಇಂಗ್ಲಿಷ್ ಕಬ್ಬಿಣದ ಕಡಲೆ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂರು. ಬೆಂಗಳೂರು ನೀರು ಸರಬರಾಜು ಮಂಡಳಿಯ ಕಾರ್ಮಿಕರ ಕೇಸೂ ಇದೆ, 1978ರದ್ದು. ಅದು ಆಮೇಲೆ.

---

ಜತ್ತ ಗಡಿ
ಡಿಸೆಂಬರ್ 5, ರಾತ್ರಿ

ನಾವು ಮಹಾರಾಷ್ಟ್ರದ ಜತ್ತ ತಾಲೂಕಿನವರು. ಬಾಯಾರಿನ ಅಣ್ಣಾವ್ರು ಬರೆದದ್ದನ್ನು ಓದಿ ನಮ್ಮೂರಿನದೇ ಅನ್ನಿಸಿತು. ನಮ್ಮ ಹೊಲದ ಸಾತ್‌ಬಾರಾ ಉತಾರ (ಪಹಣಿ) ಮರಾಠಿಯಲ್ಲಿ ಇರುತ್ತದೆ. ಸಂಬಂಧಿಕರು, ಸಂತೆ, ದವಾಖಾನೆ ಎಲ್ಲ ವಿಜಯಪುರದ ಕಡೆ. ಆಚೆ ಏನಾದರೂ ಕೇಸು ಬಿತ್ತೆಂದರೆ ಜಾಮೀನಿಗೆ ಮಂದಿ ಹುಡುಕುವುದೇ ದೊಡ್ಡ ಫಜೀತಿ. ವಕೀಲ ಸಾಹೇಬ್ರೇ, ಈ ತೀರ್ಪು ನಮಗೂ ನಡೀತದೇನ್ರಿ?

---

ಮುಳ್ಳೇರಿಯ ವಕೀಲ
ಡಿಸೆಂಬರ್ 5, ರಾತ್ರಿ

ಖಂಡಿತ ನಡೆಯುತ್ತದೆ. ಸುಪ್ರೀಂ ಕೋರ್ಟಿನ ಮಾತು ದೇಶಕ್ಕೆಲ್ಲ ಒಂದೇ.

ಅದರಲ್ಲಿ ಭಾಷೆಯ ಬಗ್ಗೆ ಇರುವ ಭಾಗವನ್ನು ನಾನು ಮೊದಲ ಪೋಸ್ಟಿನಲ್ಲಿ ಪೂರ್ತಿ ಬರೆದಿರಲಿಲ್ಲ, ಉದ್ದವಾಗುತ್ತದೆ ಅಂತ. ಈಗ ಬರೆಯುತ್ತೇನೆ. ಸಂವಿಧಾನದ 350ನೇ ವಿಧಿ ಇದೆ. ಯಾರು ಬೇಕಾದರೂ ತಮ್ಮ ಕುಂದುಕೊರತೆಯನ್ನು ಯಾವ ಅಧಿಕಾರಿಗಾದರೂ ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಬರೆದುಕೊಡಬಹುದು ಅಂತ. ಆ ಅಧಿಕಾರಿ ಅನ್ನುವುದರಲ್ಲಿ ಕೋರ್ಟೂ ಸೇರಿದೆ ಅಂತ ಅಯ್ಯರ್ ಹೇಳಿದರು. ಒಂದು ರಾಜ್ಯದ ಭಾಷೆಯಲ್ಲಿ ಅಲ್ಲಿನ ಕಾನೂನಿನ ಪ್ರಕಾರ ಬರೆದ ವಕಾಲತ್ತು, ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ದೇಶದಲ್ಲಿ ಎಲ್ಲ ಕಡೆ ನಡೆಯಬೇಕು, ಅದಕ್ಕೆ ವಿರುದ್ಧವಾದ ಸರಿಯಾದ ಕಾನೂನು ಇದ್ದರೆ ಮಾತ್ರ ಬೇರೆ ಮಾತು ಅಂದರು. ಹಾಗಿಲ್ಲದಿದ್ದರೆ ಸ್ವತಂತ್ರ ದೇಶದಲ್ಲೂ ಆದಿವಾಸಿಗೆ, ಅಲ್ಪಸಂಖ್ಯಾತರಿಗೆ ಸ್ವಾತಂತ್ರ್ಯ ಇರುವುದಿಲ್ಲ ಅಂತಲೂ ಬರೆದರು. ನಾವು ಕೇರಳದ ಭಾಷಾ ಅಲ್ಪಸಂಖ್ಯಾತರು. ಈ ಸಾಲು ಓದಿದಾಗಲೆಲ್ಲ ಯಾರೋ ನಮ್ಮ ಪಕ್ಕದಲ್ಲಿ ನಿಂತ ಹಾಗೆ ಅನ್ನಿಸುತ್ತದೆ.

ಕೇರಳದ್ದೇ 1969ರ ಅಧಿಕೃತ ಭಾಷೆಗಳ ಕಾನೂನು ಕೂಡ ನಮ್ಮ ಕಡೆ ಇದೆ. ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಅದನ್ನು ಕೇಳಿ ಪಡೆಯುವವರು ಕಮ್ಮಿ.

---

ಕುಂಬಳೆ ಮಾಷ್ಟ್ರು
ಡಿಸೆಂಬರ್ 6, ಬೆಳಿಗ್ಗೆ

ಜಡ್ಜ್ ಅಂದರೆ ನಮ್ಮ ವಯಸ್ಸಿನ ಕಾಸರಗೋಡಿನವರಿಗೆ ಮೊದಲು ನೆನಪಾಗುವುದು ಮೆಹರ್ ಚಂದ್ ಮಹಾಜನ್. ಅವರೂ ಸುಪ್ರೀಂ ಕೋರ್ಟಿನವರೇ, ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ 1967ರ ಆಗಸ್ಟಿನಲ್ಲಿ ಗಡಿ ಆಯೋಗದ ವರದಿ ಕೊಟ್ಟರು. ಆ ಡಿಸೆಂಬರಿನಲ್ಲೇ ತೀರಿಕೊಂಡರು. ವರದಿ ಜಾರಿಯಾಗಲಿಲ್ಲ. ನಾವು ಎಷ್ಟು ಸಭೆ, ಎಷ್ಟು ಮೆರವಣಿಗೆ ಮಾಡಿದೆವು! ಆ ಆಸೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಆದರೆ ಗಡಿ ಸರಿಯುವ ತನಕ ಬಾಯಾರಿನ ಹುಡುಗ ಒಳಗೆ ಕೂತಿರಲು ಆಗುತ್ತದಾ? ಗಡಿ ಎಲ್ಲೇ ಇರಲಿ, ಅದನ್ನು ದಾಟಿದ ಕೂಡಲೇ ಮನುಷ್ಯ ಪರಕೀಯ ಆಗಬಾರದು ಅನ್ನುವುದು ಅಯ್ಯರ್ ವಾದ. ನಮ್ಮ ಹೋರಾಟದ ಭಾಷಣಗಳಲ್ಲಿ ಮಹಾಜನ್ ಹೆಸರು ಬರುವಷ್ಟು ಸಲ ಮೋತಿರಾಮ್ ಹೆಸರು ಬಂದದ್ದನ್ನು ನಾನು ಕೇಳಿಲ್ಲ. ಬರಬೇಕು.

---

ಬಾಯಾರಿನವ
ಡಿಸೆಂಬರ್ 6, ಬೆಳಿಗ್ಗೆ

ಟೀಚರಕ್ಕಾ, ಹುಡುಗ ಮನೆಯಲ್ಲಿದ್ದಾನೆ. ಈಗ ಇಲ್ಲೇ ಊರಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕೇಸು ಮುಗಿದಿಲ್ಲ, ಜನವರಿಯಲ್ಲಿ ಮತ್ತೆ ವಾಯಿದೆ ಇದೆ.

ಈಗ ಬೇರೆ ತೊಂದರೆ ಶುರುವಾಗಿದೆ ವಕೀಲರೇ. ಆ ಬಾಡಿಗೆ ಜಾಮೀನುದಾರ ಮತ್ತೆ ದುಡ್ಡು ಕೇಳುತ್ತಿದ್ದಾನೆ. ಕೊಡದಿದ್ದರೆ ಜಾಮೀನು ವಾಪಸ್ ತೆಗೆಯುತ್ತೇನೆ ಅನ್ನುತ್ತಾನೆ. ಅಕ್ಕ ಹೆದರಿದ್ದಾಳೆ. ಅವನು ಹಾಗೆ ಮಾಡಬಹುದಾ? ಅವನ ಬದಲು ನಾನು ನಿಲ್ಲಬಹುದಾ?

---

ಮುಳ್ಳೇರಿಯ ವಕೀಲ
ಡಿಸೆಂಬರ್ 6, ಮಧ್ಯಾಹ್ನ

ಒಂದು ಪೈಸೆಯೂ ಕೊಡಬೇಡಿ. ಜಾಮೀನುದಾರ ಬಿಡುಗಡೆ ಕೇಳಬಹುದು, ದಂಡ ಪ್ರಕ್ರಿಯಾ ಸಂಹಿತೆಯ (2024ರ ಜೂನ್ ತನಕ ಜಾರಿಯಲ್ಲಿದ್ದ ಕಾನೂನು) 444ನೇ ಸೆಕ್ಷನ್‌ನಲ್ಲಿ ಅದಕ್ಕೆ ಅವಕಾಶ ಇದೆ. ಆಗ ಕೋರ್ಟ್ ವಾರಂಟ್ ಕಳಿಸಿ ಹುಡುಗನನ್ನು ಕರೆಸಿ ಬೇರೆ ಜಾಮೀನುದಾರನನ್ನು ಕೊಡು ಅನ್ನುತ್ತದೆ. ಅಲ್ಲಿ ಕೊಡಲು ಆಗದಿದ್ದರೆ ಮಾತ್ರ ಕಷ್ಟ. ಅದಕ್ಕೆ ನಾವೇ ಮೊದಲು ತಯಾರಾಗಿ ಹೋಗೋಣ. ಅವನು ಬೆದರಿಸುವ ತನಕ ಕಾಯುವುದು ಬೇಡ.

ನಿಮ್ಮ ಕಾಗದ ಸಾಕು ಅಂತ ತೋರಿಸಲು ಪ್ರಮಾಣಪತ್ರ (ಅಫಿಡವಿಟ್) ಕೊಡಬಹುದು. 441ನೇ ಸೆಕ್ಷನ್‌ನ ನಾಲ್ಕನೇ ಉಪವಿಧಿಯಲ್ಲಿ ಕೋರ್ಟ್ ಅದನ್ನು ಒಪ್ಪಬಹುದು, ಸಂಶಯ ಇದ್ದರೆ ವಿಚಾರಣೆ ಮಾಡಿಸಬಹುದು. ತೀರ್ವೆ ರಶೀದಿಗೂ ಪೊಸೆಷನ್ ಸರ್ಟಿಫಿಕೇಟಿಗೂ ಕನ್ನಡ ಅನುವಾದ ಮಾಡಿಸಿ ಜೊತೆಗೆ ಇಡೋಣ. ಅನುವಾದ ಬೇಕು ಅನ್ನುವುದರಲ್ಲಿ ತಪ್ಪಿಲ್ಲ, ಕಾಗದ ಏನು ಹೇಳುತ್ತದೆ ಅಂತ ಜಡ್ಜ್‌ಗೆ ಗೊತ್ತಾಗಬೇಕಲ್ಲ. ಬೇರೆ ಜಿಲ್ಲೆಯದು ಅಂತ ಮುಟ್ಟದೆಯೇ ವಾಪಸ್ ಕೊಡುವುದು ತಪ್ಪು. ಅರ್ಜಿಯ ಜೊತೆ ಮೋತಿರಾಮ್ ತೀರ್ಪಿನ ಪ್ರತಿ ಲಗತ್ತಿಸುತ್ತೇವೆ. ತೀರ್ಪುಗಳ ಸಂಗ್ರಹದಲ್ಲಿ ಅದರ ಗುರುತು (1978) 4 ಎಸ್‌ಸಿಸಿ 47 ಅಂತ ಬರೆದಿಟ್ಟುಕೊಳ್ಳಿ. ಜತ್ತದವರೂ ಬರೆದಿಟ್ಟುಕೊಳ್ಳಿ, ನಿಮ್ಮ ವಕೀಲರಿಗೆ ಇಷ್ಟು ಹೇಳಿದರೆ ಸಾಕು.

ಒಂದು ವೇಳೆ ಅದೂ ಆಗದಿದ್ದರೆ 445ರಲ್ಲಿ ಹಣ ಠೇವಣಿ ಇಡಲು ಅವಕಾಶ ಕೇಳಬಹುದು. ಬಾಡಿಗೆಯವನಿಗೆ ಕೊಟ್ಟದ್ದು ಹೋಯಿತು. ಠೇವಣಿಯಾದರೆ ಹುಡುಗ ವಾಯಿದೆ ತಪ್ಪಿಸದಿದ್ದರೆ ಕೇಸು ಮುಗಿದ ಮೇಲೆ ವಾಪಸ್ ಬರುತ್ತದೆ.

ಫೀಸಿನ ಚಿಂತೆ ಬೇಡ. ಕೇಸು ನಡೆಯುತ್ತಿರುವ ತಾಲೂಕಿನ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ನಿಮ್ಮ ಅಕ್ಕನ ಮನೆಯ ಆದಾಯ ಮಿತಿಯ ಒಳಗೇ ಇರುತ್ತದೆ. ಈ ಉಚಿತ ಕಾನೂನು ನೆರವಿಗೂ ಅಡಿಪಾಯ ಹಾಕಿದವರಲ್ಲಿ ಅಯ್ಯರ್ ಒಬ್ಬರು. 1973ರಲ್ಲಿ ಇದರ ಬಗ್ಗೆ ವರದಿ ಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು.

---

ಉಪ್ಪಳ ಟೀಚರ್
ಡಿಸೆಂಬರ್ 6, ಮಧ್ಯಾಹ್ನ

ಅನುವಾದ ನಾನು ಮಾಡಿಕೊಡುತ್ತೇನೆ. ನನಗೆ ಎರಡು ಭಾಷೆಯೂ ಚೆನ್ನಾಗಿ ಬರುತ್ತದೆ. ಅಣ್ಣಾ, ಅಕ್ಕನನ್ನೂ ಕರೆದುಕೊಂಡು ಭಾನುವಾರ ಮನೆಗೆ ಬನ್ನಿ. ವಕೀಲರೇ, ಅನುವಾದಕ್ಕೆ ಯಾರ ಸಹಿ, ಸೀಲು ಬೇಕು ಅಂತ ಮೊದಲೇ ತಿಳಿಸಿಬಿಡಿ.

---

ಮುಳ್ಳೇರಿಯ ವಕೀಲ
ಡಿಸೆಂಬರ್ 6, ಸಂಜೆ

ತುಂಬ ಉಪಕಾರ ಟೀಚರ್. ನೀವು ಅನುವಾದ ಮಾಡಿ ಸಹಿ ಹಾಕಿ, ನೋಟರಿ ಸೀಲು ನಾನು ಹಾಕಿಸುತ್ತೇನೆ. ಬಾಯಾರಿನವರೇ, ತೀರ್ವೆ ರಶೀದಿ ಈ ವರ್ಷದ್ದೇ ಬೇಕು, ಹಳೆಯದಾದರೆ ಸೋಮವಾರ ವಿಲೇಜ್ ಆಫೀಸಿಗೆ ಹೋಗಿ ಕಟ್ಟಿ ಬನ್ನಿ. ನಿಮ್ಮ ಎರಡು ಫೋಟೋ ಮತ್ತು ಹುಡುಗನ ಜಾಮೀನು ಆದೇಶದ ಪ್ರತಿಯನ್ನೂ ತನ್ನಿ.